ತುಕ್ಕೆಂದು ಅವನು ನಂಬಿದ ಕೆಂಪು

ನನ್ನ ತಮ್ಮ ನನ್ನನ್ನು ಒಂದು ಮಾತು ಕೇಳಿದ್ದ. ಉತ್ತರ ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ. ಬರೀ ಸುಮ್ಮನಿದ್ದಿದ್ದರೂ ಒಂದು ಲೆಕ್ಕ ಇರುತ್ತಿತ್ತು. ನಾನು ಬಾಯಿ ತೆರೆದು ಬೇರೆ ಏನೋ ಹೇಳಿದೆ. ಆ ಮಾತಿನಿಂದಾಗಿ ಅವನು ಎರಡು ತಿಂಗಳು ತನ್ನ ತಲೆಯನ್ನೇ ತಾನು ನಂಬದ ಹಾಗೆ ಬದುಕಿದ.

ನಾನು ಓದಿದ್ದು ಐದನೆಯ ತರಗತಿಯವರೆಗೆ, ನಾರಾಯಣಪೇಟೆಯ ಕನ್ನಡ ಶಾಲೆಯಲ್ಲಿ. ಆಮೇಲೆ ಮಗ್ಗಕ್ಕೆ ಕೂತವಳು ಇನ್ನೂ ಎದ್ದಿಲ್ಲ. ಬರೆದರೆ ತಪ್ಪು ಬರುತ್ತವೆ. ಬರಲಿ. ಇದು ಇನ್ನೊಬ್ಬರ ಕೈಯಲ್ಲಿ ಬರೆಸುವ ವಿಷಯವಲ್ಲ.

ತಮ್ಮ ನನಗಿಂತ ಏಳು ವರ್ಷ ಚಿಕ್ಕವನು. ಅವ್ವ ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತರೆ ಅವನು ನನ್ನ ಸೊಂಟದ ಮೇಲೆ ಇರುತ್ತಿದ್ದ. ದೊಡ್ಡವನಾಗಿ ಫೌಜಿಗೆ ಹೋದ. ಹದಿನೇಳು ವರ್ಷ ದುಡಿದು ಬಂದು ಮಖ್ತಲ್‌ನಲ್ಲಿ ಮನೆ ಮಾಡಿದ. ಗದ್ವಾಲದ ಒಂದು ಬಂಗಾರದ ಅಂಗಡಿಯಲ್ಲಿ ಕಾವಲಿನ ಕೆಲಸ ಸಿಕ್ಕಿತು. ಲೈಸೆನ್ಸ್ ತನ್ನ ಹೆಸರಿನದೇ, ಪಿಸ್ತೂಲೂ ತನ್ನದೇ. ದಿನಾ ಬೆಳಗಿನ ಬಸ್ಸಿಗೆ ಜೂರಾಲ ಡ್ಯಾಮಿನ ದಾರಿ ಹಿಡಿದು ಹೋಗುತ್ತಿದ್ದ, ಸಂಜೆಗೆ ಬರುತ್ತಿದ್ದ. ಮೀಸೆ ತಿದ್ದುವುದಕ್ಕಿಂತ ಹೆಚ್ಚು ಹೊತ್ತು ಆ ಪಿಸ್ತೂಲನ್ನು ಒರೆಸುತ್ತಿದ್ದ. "ಪಲ್ಟನ್‌ದಾಗ ನಳಿಗ್ಯಾಗ ಬಿಳಿ ಬಟ್ಟಿ ಹಾಕಿ ಎಳೀತಿದ್ರಕ್ಕಾ. ಬಿಳೀದು ಬಿಳೀದಾಗೇ ಹೊರಗ ಬರಬೇಕು. ತುಕ್ಕಿನ ಒಂದು ಚುಕ್ಕಿ ಕಂಡ್ರ ಅವನ ಮಾನ ಹೋತು ಅಂತ ತಿಳಕೋ" ಎನ್ನುತ್ತಿದ್ದ. ಅವನ ಹೆಂಡತಿ ನಗುತ್ತ, "ನನ್ನ ಮಾರಿ ಯಾವಾಗರ ಇಷ್ಟು ನೋಡ್ಯಾರೇನು ಕೇಳ್ರಿ" ಎಂದು ನನಗೆ ದೂರು ಹೇಳುತ್ತಿದ್ದಳು.

ಹೋದ ದಸರಾಕ್ಕೆ ಇಬ್ಬರೂ ನಮ್ಮ ಮನೆಗೆ ಬಂದಿದ್ದರು. ನಮ್ಮಲ್ಲಿ ಆಯುಧಪೂಜೆಗೆ ಮಗ್ಗವೇ ಆಯುಧ. ಮಗ್ಗ ತೊಳೆದು, ವಿಭೂತಿ ಎಳೆದು, ಲಾಳಿಗಳನ್ನು ಮಣೆಯ ಮೇಲೆ ಸಾಲಾಗಿ ಇಡುತ್ತೇವೆ. ಲಾಳಿಯೆಂದರೆ ನೂಲಿನ ಕಂಡಿಕೆಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಸೀರೆಯ ಅಗಲಕ್ಕೂ ಓಡಾಡುವ ಮರದ ತುಂಡು. ಬೇರೆಯವರು ಲಾಳಿಯ ಮೇಲೆ ಒಂದು ಬೊಟ್ಟು ಇಟ್ಟು ಕೈಮುಗಿಯುತ್ತಾರೆ. ನಮ್ಮ ಮನೆಯಲ್ಲಿ ಹಾಗಲ್ಲ. ಕುಂಕುಮವನ್ನು ಕುಸುಬೆ ಎಣ್ಣೆಯಲ್ಲಿ ಕಲಸಿ, ಕಡ್ಡಿಯಿಂದ ಲಾಳಿಯ ಹೊಟ್ಟೆಯೊಳಗೆ, ಕಂಡಿಕೆ ಕೂಡುವ ಜಾಗಕ್ಕೆ ಹಚ್ಚಬೇಕು. "ಒಳಗ ಹಚ್ಚಲಿಲ್ಲಂದ್ರ ದೇವಿನ್ನ ಬಾಗಿಲದಾಗ ನಿಂದ್ರಿಸಿ ಕಳಿಸಿದಂಗ" ಎಂದು ಅವ್ವ ಹೇಳುತ್ತಿದ್ದಳು. ಅವ್ವ ಹೋದ ಮೇಲೂ ನಾನು ಅದನ್ನು ಬಿಟ್ಟಿಲ್ಲ. ಮಾರನೆಯ ದಿನ ಸೀಮೆಎಣ್ಣೆ ಬಟ್ಟೆಯಿಂದ ಒಳಗೆಲ್ಲ ಒರೆಸಿ ತೆಗೆದುಬಿಟ್ಟರೆ ಲಾಳಿಗೆ ಏನೂ ಆಗುವುದಿಲ್ಲ.

ಆ ದಿನ ತಮ್ಮ ಪಿಸ್ತೂಲನ್ನೂ ಮಣೆಯ ಮೇಲೆ ಇಟ್ಟ. ಗುಂಡು ತುಂಬುವ ಮ್ಯಾಗಜೀನ್ ಹೊರಗೆ ತೆಗೆದು, ಗುಂಡೆಲ್ಲ ತನ್ನ ಸೊಂಟದ ಚೀಲಕ್ಕೆ ಹಾಕಿಕೊಂಡು, ಮೇಲಿನ ಕಬ್ಬಿಣದ ಭಾಗವನ್ನು ಹಿಂದಕ್ಕೆ ಎಳೆದು ಅಲ್ಲೇ ನಿಲ್ಲಿಸಿ ಇಟ್ಟಿದ್ದ. ಅದಕ್ಕೆ ಸ್ಲೈಡ್ ಅನ್ನುತ್ತಾರಂತೆ. ಹಾಗೆ ತೆರೆದಿಟ್ಟರೆ ಒಳಗೆ ಗುಂಡು ಇಲ್ಲವೆಂದು ನೋಡಿದವರಿಗೆಲ್ಲ ತಿಳಿಯುತ್ತದೆ ಎಂದ.

"ಅಕ್ಕಾ, ಇದಕ್ಕ ಮ್ಯಾಲೆ ಒಂದು ಹೂವು ಸಾಕು. ಎಣ್ಣಿ, ಕುಂಕುಮ ಏನೂ ಹಚ್ಚಬ್ಯಾಡ ನೋಡು."

"ಆತು ಬಿಡಪಾ, ನಿನ್ನ ಹೆಣ್ತಿನ್ನ ನಾನ್ಯಾಕ ಮುಟ್ಟಲಿ" ಎಂದೆ. ಅವನು ನಕ್ಕು, ಬನ್ನಿ ತರಲು ಹೋದ.

ನಾನು ಲಾಳಿಗಳಿಗೆಲ್ಲ ಹಚ್ಚಿ ಮುಗಿಸಿದೆ. ಕಡ್ಡಿಯ ತುದಿಯಲ್ಲಿ ಇನ್ನೂ ಕುಂಕುಮ ಇತ್ತು. ಪಿಸ್ತೂಲು ಬಾಯಿ ತೆರೆದುಕೊಂಡು ಕೂತಿತ್ತು, ಥೇಟು ಲಾಳಿಯ ಹಾಗೆ. ಒಳಗೊಂದು ಕುಳಿ ಕಾಣುತ್ತಿತ್ತು. ದಿನಾ ಇದನ್ನು ಸೊಂಟಕ್ಕೆ ಕಟ್ಟಿಕೊಂಡು ತಿರುಗುತ್ತಾನೆ, ಇದೊಂದೇ ಪೂಜೆಯಿಲ್ಲದೆ ಉಳಿದರೆ ಅವನಿಗೇ ಏನಾದರೂ ಕೇಡಾದೀತು ಅನ್ನಿಸಿತು. ಕಡ್ಡಿಯನ್ನು ಆ ಕುಳಿಯೊಳಗೆ ಆಡಿಸಿದೆ, ಲಾಳಿಗೆ ಆಡಿಸುವ ಹಾಗೆಯೇ, ಸುತ್ತಲೂ. ಅಂಚಿಗೆ ತಾಗಿದ್ದನ್ನು ಸೆರಗಿನಿಂದ ಒರೆಸಿದೆ. ಮೇಲೆ ಒಂದು ಚೆಂಡುಹೂವು ಇಟ್ಟೆ.

ಅವನು ಬಂದು ಕೈಮುಗಿದ. ಹೂವು ತೆಗೆದ. ದೀಪದ ಬೆಳಕಿಗೆ ಹಿಡಿದು ಒಳಗೆ ನೋಡಿ ಗುಂಡು ಇಲ್ಲವೆಂದು ಖಾತ್ರಿ ಮಾಡಿಕೊಂಡ. ಕುಂಕುಮ ಇದೆಯೋ ಎಂದು ಯಾವ ಫೌಜಿ ನೋಡುತ್ತಾನೆ? ಹಬ್ಬಕ್ಕೆ ಬರುವ ಹಿಂದಿನ ದಿನವೇ ಎಲ್ಲ ಬಿಚ್ಚಿ ಸ್ವಚ್ಛ ಮಾಡಿದ್ದ. ಒಂದು ಗುಂಡಿ ಒತ್ತಿದ, ಸ್ಲೈಡ್ ಠಕ್ಕನೆ ಮುಂದೆ ಹೋಗಿ ಮುಚ್ಚಿತು. ಮಾರನೆಯ ದಿನ ಲಾಳಿಗಳನ್ನು ಸೀಮೆಎಣ್ಣೆಯಲ್ಲಿ ಒರೆಸುವಾಗ ನನಗೆ ಪಿಸ್ತೂಲಿನ ನೆನಪು ಬಂತು. ಅವನು ಆಗಲೇ ಮಖ್ತಲ್ ಬಸ್ಸು ಹತ್ತಿಯಾಗಿತ್ತು. ಫೋನು ಮಾಡಿದರೆ ಬೈಯುತ್ತಾನೆ ಎಂದುಕೊಂಡೆ. ಕಡ್ಡಿಯ ತುದಿಯಷ್ಟು ಕುಂಕುಮ, ಏನಾದೀತು ಎಂದೂ ಅಂದುಕೊಂಡೆ.

ಕುಸುಬೆ ಎಣ್ಣೆಯ ಗುಣ ನನಗೆ ಗೊತ್ತಿಲ್ಲದ್ದಲ್ಲ. ಡಬ್ಬಿಯ ಬಾಯಿಗೆ ಸೋರಿದ ಎಣ್ಣೆ ಹದಿನೈದು ದಿನಕ್ಕೆ ಅಂಟಾಗಿ, ಆಮೇಲೆ ಉಗುರಿನಿಂದ ಕೆರೆದರೂ ಏಳದ ಹಾಗೆ ಗಟ್ಟಿಯಾಗುತ್ತದೆ. ನಮ್ಮ ಕಡೆ ಅಡುಗೆ ಮಾಡುವ ಎಲ್ಲ ಹೆಂಗಸರಿಗೂ ಗೊತ್ತು.

ದೀಪಾವಳಿಯ ಹೊತ್ತಿಗೆ ಬಂಗಾರದ ಅಂಗಡಿಯಲ್ಲಿ ಗಿರಾಕಿಗಳ ನೂಕುನುಗ್ಗಲು. ಬಾಗಿಲು ತೆರೆಯುವ ಮೊದಲು, ಸಾವುಕಾರ ತನ್ನ ಬೀಗರನ್ನು ಕರೆದುಕೊಂಡು ಬಂದು, ನಮ್ಮ ಫೌಜಿ ಹೇಗಿದ್ದಾನೆ ನೋಡಿ ಎಂದು ತೋರಿಸಿದನಂತೆ. ತಮ್ಮನ ಹತ್ತಿರ ಮದ್ದಿಲ್ಲದ ಸುಳ್ಳು ಗುಂಡುಗಳು ಕೆಲವು ಇದ್ದವು. ಅವಕ್ಕೆ ಡಮ್ಮಿ ಅನ್ನುತ್ತಾನೆ. ದಿನಾ ಒರೆಸುತ್ತಿದ್ದುದು ಹೊರಮೈ ಮಾತ್ರ, ಗುಂಡೂ ಮ್ಯಾಗಜೀನಿನಲ್ಲೇ ಇರುತ್ತಿತ್ತು; ತಿಂಗಳಿಗೊಮ್ಮೆ ಬಿಚ್ಚಿ ಸ್ವಚ್ಛ ಮಾಡುವಾಗ ಡಮ್ಮಿ ಹಾಕಿ ಪಿಸ್ತೂಲು ಸರಿಯಾಗಿ ಆಡುತ್ತದೋ ಇಲ್ಲವೋ ನೋಡುವುದು ಅವನ ರೂಢಿ. ಅವತ್ತು ಬೀಗರ ಮುಂದೆ ಅದನ್ನೇ ಮಾಡಿದ. ಡಮ್ಮಿ ತುಂಬಿದ ಮ್ಯಾಗಜೀನ್ ಹಾಕಿ ಸ್ಲೈಡ್ ಎಳೆದು ಬಿಟ್ಟ. ಅದು ಮುಂದೆ ಬಂತು, ಉಗುರಿನ ಅಗಲದಷ್ಟು ದೂರ ಉಳಿಸಿ ನಿಂತುಬಿಟ್ಟಿತು. ಇನ್ನೊಮ್ಮೆ ಎಳೆದ. ಮತ್ತೆ ಅಲ್ಲೇ ನಿಂತಿತು. ಅಷ್ಟು ಬಾಯಿ ತೆರೆದಿದ್ದರೂ ಪಿಸ್ತೂಲು ಹಾರುವುದಿಲ್ಲವಂತೆ.

"ಏಂ ಫೌಜೀ, ನೀ ಪಿಸ್ತೋಲು ನೋರು ಮೂಸುಕೋದಾ?" ಎಂದು ಸಾವುಕಾರ ತೆಲುಗಿನಲ್ಲಿ ಕೇಳಿದ. ನಿನ್ನ ಪಿಸ್ತೂಲು ಬಾಯಿ ಮುಚ್ಚುವುದಿಲ್ಲವೇನು ಎಂದು. ಬೀಗರು ನಕ್ಕರು. ಅಂಗಡಿಯ ಹುಡುಗಿಯರೂ ನಕ್ಕರು.

ಮರುದಿನ ಸಾವುಕಾರನಿಗೆ ರಜೆ ಹೇಳಿ ತಮ್ಮ ನೇರವಾಗಿ ನಮ್ಮ ಮನೆಗೆ ಬಂದ. "ನಿಮ್ಮ ಮಗ್ಗದ ಕೋಣ್ಯಾಗ ಬೆಳಕು ಚೊಲೋ ಐತಿ. ಇಲ್ಲೇ ಬಿಚ್ಚಿ ನೋಡ್ತೀನಿ" ಎಂದ. ಕಿಟಕಿಯ ಕೆಳಗೆ ಬಿಳಿ ಪಂಚೆ ಹಾಸಿ ಕೂತ. ನಾನು ಮಗ್ಗದಲ್ಲಿ ಕೂತಿದ್ದೆ. ಏನಾಗಿದೆ ಎಂದು ಅವನು ಹೇಳುತ್ತಿದ್ದ ಹಾಗೆಯೇ ನನ್ನ ಕಾಲು ತುಳಿಯುವುದನ್ನು ನಿಲ್ಲಿಸಿತ್ತು.

ಮೊದಲು ಮ್ಯಾಗಜೀನ್ ಹೊರಗೆ ತೆಗೆದ. ಸ್ಲೈಡ್ ಎಳೆದು ಒಳಗೆ ಗುಂಡಿಲ್ಲವೆಂದು ಎರಡು ಸಲ ನೋಡಿದ. ನಿಜವಾದ ಗುಂಡುಗಳನ್ನು ಬೇರೆ ಕೋಣೆಯಲ್ಲಿ ಇಟ್ಟು ಬಂದ. ಆಮೇಲೆ ಖಾಲಿ ಪಿಸ್ತೂಲನ್ನು ಎಳೆದು ಬಿಟ್ಟ. ಠಕ್ಕನೆ ಪೂರ್ತಿ ಮುಚ್ಚಿತು. ಡಮ್ಮಿ ಹಾಕಿ ಬಿಟ್ಟ. ಉಗುರಿನ ಅಗಲ ಉಳಿಯಿತು.

"ನೋಡಿದ್ಯಾ? ಖಾಲಿ ಇದ್ರ ಮುಚ್ಚತೈತಿ, ತುಂಬಿದ್ರ ಮುಚ್ಚವಲ್ದು" ಎಂದ. ನನಗಲ್ಲ, ತನಗೇ ಹೇಳಿಕೊಂಡ ಹಾಗಿತ್ತು.

ಡಮ್ಮಿಯೇ ಸೊಟ್ಟಗಿರಬಹುದೆಂದು ಬೇರೆಯದನ್ನು ಹಾಕಿದ. ಅದೂ ಹಾಗೆಯೇ. ಮ್ಯಾಗಜೀನ್ ಬದಲಿಸಿದ. ಹಾಗೆಯೇ. ಪಿಸ್ತೂಲನ್ನು ಬಿಚ್ಚಿದ. ಸ್ಪ್ರಿಂಗ್ ತೆಗೆದು ಬೆಳಕಿಗೆ ಹಿಡಿದ. ಡಬ್ಬಿಯಲ್ಲಿದ್ದ ಹೊಸ ಸ್ಪ್ರಿಂಗನ್ನು ಪಕ್ಕದಲ್ಲಿಟ್ಟು ಉದ್ದ ನೋಡಿದ, ಎರಡೂ ಸಮ ಇದ್ದವು. ಸ್ಲೈಡ್ ಜಾರುವ ತೋಡುಗಳನ್ನು ಬೆರಳಿನಿಂದ ಸವರಿದ. ಎಲ್ಲ ನುಣುಪು. ಕೊನೆಗೆ ನಳಿಗೆಯೊಂದನ್ನೇ ಕೈಯಲ್ಲಿ ಹಿಡಿದು, ಹಿಂದಿನ ಕುಳಿಗೆ ಡಮ್ಮಿಯನ್ನು ಮೆಲ್ಲಗೆ ಬಿಟ್ಟ. "ಇದು ತನ್ನಷ್ಟಕ್ಕ ತಾನೇ ಬಿದ್ದು ಕುಂದ್ರಬೇಕಕ್ಕಾ" ಎಂದ. ಅದು ಕೂರಲಿಲ್ಲ. ಬುಡ ಹೊರಗೆ ಉಳಿಯಿತು.

ಬ್ರಷ್ಷಿಗೆ ಸೀಮೆಎಣ್ಣೆ ಅದ್ದಿ ಆ ಕುಳಿಯನ್ನು ತಿಕ್ಕಿದ. ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ ಒಮ್ಮೆಲೇ ಪಂಚೆಯ ಮೇಲೆ ಕೆಂಪುಗಂದು ನೀರು ಬಿತ್ತು.

ಅವನು ಬ್ರಷ್ಷು ಕೆಳಗಿಟ್ಟ. ಬಿಳಿ ಬಟ್ಟೆಯ ಚೂರು ಹಾಕಿ ಎಳೆದ. ಅದು ಕೆಂಪಾಗಿ ಬಂತು. ಇನ್ನೊಂದು ಹಾಕಿದ. ಅದೂ ಕೆಂಪು. ಆ ಚೂರುಗಳನ್ನು ಮೊಣಕಾಲಿನ ಮೇಲೆ ಹರವಿಕೊಂಡು ನೋಡುತ್ತ ಕೂತ. ಅವನ ಮುಖ ನಮ್ಮ ಅವ್ವ ತೀರಿದ ಸುದ್ದಿ ಕೇಳಿ ಓಡಿ ಬಂದ ದಿನ ಇದ್ದ ಹಾಗಿತ್ತು.

"ತುಕ್ಕು" ಎಂದ.

ಸೀಮೆಎಣ್ಣೆಯ ವಾಸನೆಯಲ್ಲಿ ಕುಂಕುಮದ ವಾಸನೆಯೂ ಇರಲಿಲ್ಲ, ಕುಸುಬೆಯ ವಾಸನೆಯೂ ಇರಲಿಲ್ಲ. ನನಗೆ ಮಾತ್ರ ಆ ಕೆಂಪು ಯಾವುದೆಂದು ಗೊತ್ತಿತ್ತು.

"ಗುಂಡು ಕುಂದ್ರೋ ಚೇಂಬರ್‌ದಾಗ ತುಕ್ಕು. ನನ್ನ ಪಿಸ್ತೂಲದಾಗ." ಅವನು ನನ್ನ ಕಡೆ ತಿರುಗಿದ. "ಅಕ್ಕಾ, ಹಬ್ಬದ ಹಿಂದಿನ ದಿನ ನಾ ಇದನ್ನ ಪೂರಾ ಬಿಚ್ಚಿ ಸಾಫ್ ಮಾಡಿದ್ದೆ. ನನಗ ಅಗದೀ ನೆನಪೈತಿ. ಪೂಜಿ ಮುಂದ ನೀ ನೋಡಿದ್ದಿ ಅಲಾ? ಆವಾಗ ಒಳಗ ಹಿಂಗ ಕೆಂಪು ಇತ್ತೇನು?"

ಇದೇ ಆ ಪ್ರಶ್ನೆ.

ನಾನು ಲಾಳಿಯನ್ನು ಕೈಯಲ್ಲಿ ಹಿಡಿದು ಕಂಡಿಕೆ ಬದಲಿಸುವವಳ ಹಾಗೆ ನಟಿಸಿದೆ. "ನನಗೇನು ತಿಳೀತದಪಾ ಅದೆಲ್ಲ" ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಅವನು ಇನ್ನೂ ನನ್ನನ್ನೇ ನೋಡುತ್ತಿದ್ದ. ಆ ನೋಟವನ್ನು ಬೇರೆ ಕಡೆಗೆ ಕಳಿಸಬೇಕಿತ್ತು ನನಗೆ. "ನೀ ಸಾಫ್ ಮಾಡಿದ್ದಿ ಅಂತ ಅಂದ್ಕೊಂಡಿರಬೇಕು ತಮ್ಮಾ. ಅಪ್ಪಗೂ ಇದಾ ವಯಸ್ಸಿನಾಗಲ್ಲೇನು ಮರವು ಸುರು ಆಗಿದ್ದು" ಎಂದೆ.

ನಮ್ಮ ಅಪ್ಪ ಕೊನೆಗಾಲದಲ್ಲಿ ನಮ್ಮ ಯಾರ ಹೆಸರೂ ಹೇಳುತ್ತಿರಲಿಲ್ಲ. ನೇಯ್ದು ಮುಗಿಸಿದ ಸೀರೆಯನ್ನು ಇನ್ನೂ ನೇಯಬೇಕೆಂದು ಖಾಲಿ ಮಗ್ಗದಲ್ಲಿ ಕೂತು ಕೈಯಾಡಿಸುತ್ತಿದ್ದ. ತಮ್ಮ ಫೌಜಿನಿಂದ ರಜೆಗೆ ಬಂದಾಗ, ಈ ಪೊಲೀಸ ಯಾಕೆ ಬಂದಿದ್ದಾನೆ ಎಂದು ಕೇಳಿದ್ದ. ಅವತ್ತು ಹೊರಗೆ ಹೋಗಿ ಅತ್ತಿದ್ದ ತಮ್ಮನಿಗೆ ಈ ಮಾತು ಎಲ್ಲಿ ತಾಗುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಅವನು ತಲೆ ತಗ್ಗಿಸಿದ. ಬಟ್ಟೆ ಬಿಳಿಯಾಗಿ ಬರುವವರೆಗೆ ತಿಕ್ಕಿದ. ಡಮ್ಮಿ ಹಾಕಿ ಎಳೆದು ಬಿಟ್ಟ. ಠಕ್ಕನೆ ಪೂರ್ತಿ ಮುಚ್ಚಿತು. ಹತ್ತಾರು ಸಲ ನೋಡಿದ, ಪ್ರತಿ ಸಲವೂ ಸರಿಯಾಗಿ ಮುಚ್ಚಿತು. ಅವನಿಗೆ ಸಂತೋಷವಾದ ಹಾಗೆ ಕಾಣಲಿಲ್ಲ. ನಾನು ಮಾಡಿದ ರೊಟ್ಟಿ ಅರ್ಧ ಬಿಟ್ಟು ಎದ್ದ.

ಬೇರೆ ಯಾರಾದರೂ ಆಗಿದ್ದರೆ, ಸ್ಪ್ರಿಂಗ್ ಕೆಟ್ಟಿತ್ತು, ಹೊಸದು ಹಾಕಿದೆ ಎಂದು ಸಾವುಕಾರನಿಗೆ ಹೇಳಿ ಮುಗಿಸುತ್ತಿದ್ದರು. ನನ್ನ ತಮ್ಮ ಹೋಗಿ, "ತುಕ್ಕು ಹಿಡಿದಿತ್ತುರಿ, ನಂದಾ ತಪ್ಪು" ಎಂದು ಹೇಳಿದ. ಸಾವುಕಾರ ಕೆಟ್ಟವನಲ್ಲ. ಕೆಲಸದಿಂದ ತೆಗೆಯಲಿಲ್ಲ. ಆದರೆ ಪಿಸ್ತೂಲು ಮನೆಯಲ್ಲೇ ಬೀಗ ಹಾಕಿಟ್ಟು ಬಾ ಎಂದ. ಕಾವಲಿಗೆ ಬೇರೆಯವನನ್ನು ಹುಡುಕಿ ತಂದು, ಇವನನ್ನು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂರಿಸಿ ಗಿರಾಕಿಗಳ ಚಪ್ಪಲಿಗೆ ಬಿಲ್ಲೆ ಕೊಡುವ ಕೆಲಸ ಕೊಟ್ಟ.

ಇದೆಲ್ಲ ನನಗೆ ತಿಳಿದದ್ದು ಅವನ ಹೆಂಡತಿಯ ಫೋನಿನಿಂದ. ಕೇಳಿ, ಹೇಳಿಬಿಡುತ್ತೇನೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಒಂದು ಭಾನುವಾರ ಮಖ್ತಲ್‌ಗೆ ಹೋದೆ. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿದ್ದೆ. ಬರಿಗೈಯಲ್ಲಿ ಹೋಗಿ ತಪ್ಪು ಒಪ್ಪಿಕೊಳ್ಳಲು ನನಗೆ ಧೈರ್ಯವಿರಲಿಲ್ಲ.

ಊಟ ಮಾಡಿ ನಾವು ಮೂವರೂ ಅಲ್ಲಿಯ ಕಿರಾಣಿ ಅಂಗಡಿಯ ಕಡೆ ಹೊರಟೆವು. ಅವನು ಬೀಗ ಹಾಕಿದ. ನಾಲ್ಕು ಹೆಜ್ಜೆ ಬಂದು ಹಿಂದೆ ಹೋಗಿ ಎಳೆದು ನೋಡಿದ. ಓಣಿಯ ತಿರುವಿಗೆ ಬಂದಾಗ ಹೆಂಡತಿಯನ್ನು ಕೇಳಿದ, "ಬೀಗ ಹಾಕೀನೇನು ನಾನು?"

"ಹಾಕೀರಿ. ನಾ ನೋಡೀನಿ."

"ಖರೇನಾ?"

ಅವಳು ನನ್ನ ಕಡೆ ನೋಡಿದಳು. ಆಮೇಲೆ ಅವನು ಹಿಂದೆ ಉಳಿದಾಗ ನನ್ನ ಕಿವಿಯ ಹತ್ತಿರ ಹೇಳಿದಳು, "ಗ್ಯಾಸ್ ಬಂದ್ ಮಾಡೀನೇನು ಅಂತ ಬಸ್ ಸ್ಟ್ಯಾಂಡಿನಿಂದ ಫೋನ್ ಮಾಡ್ತಾರಕ್ಕಾ. ಗ್ಯಾಸ್ ಹಚ್ಚಾವ್ರು ಅವರಲ್ಲ, ನಾನು." ಅವಳಿಗೆ ನಗು ಬಂತು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಗ ಹೇಳಬಹುದಿತ್ತು. ಓಣಿಯಲ್ಲಿ ಯಾರೂ ಇರಲಿಲ್ಲ. ನಾನು, "ರಾಯಚೂರಾಗ ತಲಿ ಡಾಕ್ಟ್ರಿಗೆ ಒಮ್ಮೆ ತೋರಸ್ರಿ" ಎಂದೆ. ಇದನ್ನು ಬರೆಯುವಾಗ ಈಗಲೂ ನನ್ನ ಕಿವಿ ಸುಡುತ್ತದೆ. ನನ್ನ ಒಂದು ಸುಳ್ಳನ್ನು ಉಳಿಸಿಕೊಳ್ಳಲು, ಗಟ್ಟಿ ಇರುವ ಮನುಷ್ಯನನ್ನು ಡಾಕ್ಟರ ಹತ್ತಿರ ಕಳಿಸಲು ಹೊರಟಿದ್ದೆ. ಸಂಜೆಯ ಬಸ್ಸಿಗೆ ನಾರಾಯಣಪೇಟೆಗೆ ಬಂದೆ. ಮರುದಿನದಿಂದ ನೇಯ್ದ ಸೀರೆಯ ಅಂಚು ನೇರ ಬರಲಿಲ್ಲ. ಸೀರೆ ಕೊಂಡುಕೊಳ್ಳುವವನು, "ಏನಮ್ಮಾ, ಕಣ್ಣು ಹೋದ್ವೇನು?" ಎಂದು ಹಿಂದಕ್ಕೆ ಕೊಟ್ಟ.

ಸಂಕ್ರಾಂತಿಗೆ ಮುಂಚೆ ಒಂದು ಬೆಳಿಗ್ಗೆ ಅವನ ಹೆಂಡತಿ ಮತ್ತೆ ಫೋನು ಮಾಡಿದಳು. ಅವನು ಲೈಸೆನ್ಸ್ ಹಿಂದಕ್ಕೆ ಕೊಡಲು ಅರ್ಜಿ ಬರೆಸಿದ್ದಾನೆ, ಇವತ್ತು ಮಧ್ಯಾಹ್ನ ಅಂಗಡಿಯಿಂದಲೇ ಗದ್ವಾಲದ ಕಚೇರಿಗೆ ಹೋಗಿ ಕೊಡುತ್ತಾನಂತೆ. "ಅಪ್ಪನಂಗ ಆಗೋಕಿನ್ನ ಮೊದಲ ಇದನ್ನ ಕೈಯಿಂದ ಇಳಿಸಿಬಿಡ್ತೀನಿ, ನಾಳೆ ಗುಂಡು ಇರೋದು ಮರತು ಯಾರಿಗರ ಏನರ ಆದ್ರ?" ಎಂದು ಹೇಳಿ ಹೋದನಂತೆ. ಅಪ್ಪನಂಗ. ಆ ಮಾತನ್ನು ಅವನ ಬಾಯಿಗೆ ಹಾಕಿದವಳು ನಾನು.

ಮಗ್ಗದಲ್ಲಿ ಎಳೆ ಹಾಗೆಯೇ ಬಿಟ್ಟು ಎದ್ದೆ. ಮಖ್ತಲ್‌ಗೆ ಒಂದು ಆಟೋ, ಅಲ್ಲಿಂದ ಗದ್ವಾಲಕ್ಕೆ ಬಸ್ಸು. ದಾರಿಯುದ್ದಕ್ಕೂ ಅವನನ್ನು ಹೊರಗೆ ಕರೆದು ಒಬ್ಬನಿಗೇ ಹೇಳಬೇಕೆಂದು ಮಾತು ಜೋಡಿಸಿಕೊಂಡೆ. ಅಂಗಡಿಯ ಮುಂದೆ ಇಳಿದು ನೋಡಿದರೆ, ಹದಿನೇಳು ವರ್ಷ ಗಡಿಯಲ್ಲಿ ನಿಂತವನು ಬಗ್ಗಿ ಯಾರದೋ ಚಪ್ಪಲಿಯನ್ನು ಗೂಡಿನಲ್ಲಿ ಇಡುತ್ತಿದ್ದ. ಜೋಡಿಸಿದ ಮಾತೆಲ್ಲ ಹೋಯಿತು. ಅವನ ಮಾನ ಹೋದದ್ದು ನಾಲ್ಕು ಜನರ ಎದುರಿಗೆ. ನಾನು ಓಣಿಯಲ್ಲಿ ಪಿಸುಗುಟ್ಟಿದರೆ ಅದು ಹಿಂದೆ ಬರುತ್ತದೆಯೇ?

"ಅಕ್ಕಾ? ನೀ ಯಾಕ ಬಂದಿ? ಏನಾತು?" ಎಂದ.

ನಾನು ಅವನನ್ನು ದಾಟಿ ಒಳಗೆ ಹೋದೆ. ಸಾವುಕಾರ ಗದ್ದಿಗೆಯ ಮೇಲಿದ್ದ. ಇಬ್ಬರು ಹೆಂಗಸರು ಬಳೆ ನೋಡುತ್ತಿದ್ದರು. ಅಂಗಡಿಯ ಹುಡುಗಿಯರು ಸಾಲಾಗಿ ನಿಂತಿದ್ದರು.

"ಸಾವ್ಕಾರ್ರೀ, ನಾ ಇವನ ಅಕ್ಕ. ಇವನ ಪಿಸ್ತೂಲದಾಗ ಇದ್ದದ್ದು ತುಕ್ಕಲ್ಲರಿ" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಕುಂಕುಮ. ದಸರಾದಾಗ ಇವ ಬ್ಯಾಡಂದ್ರೂ ನಾ ಒಳಗ ಹಚ್ಚಿದ್ದೆ. ಅದಾ ಗಟ್ಟಿಯಾಗಿ ಗುಂಡು ಕುಂದ್ರದಂಗ ಆಗಿತ್ತು. ಇವನದು ಏನೂ ತಪ್ಪಿಲ್ಲ."

ಬಳೆ ನೋಡುತ್ತಿದ್ದ ಹೆಂಗಸರು ಕೈ ನಿಲ್ಲಿಸಿದರು. ಸಾವುಕಾರ ಕನ್ನಡಕ ತೆಗೆದು ನನ್ನನ್ನು ನೋಡಿ, ಆಮೇಲೆ ತಮ್ಮನನ್ನು ನೋಡಿದ. "ಕುಂಕುಮ! ಪಿಸ್ತೂಲಿಗೆ?" ಎಂದ. ಒಬ್ಬ ಹುಡುಗಿ ಕಿಸಕ್ಕನೆ ನಕ್ಕಳು. ಈ ಸಲ ನಗು ನನ್ನ ಮೇಲೆ ಬಿತ್ತು. ಬೀಳಲಿ ಎಂದುಕೊಂಡೆ.

ತಮ್ಮ ಬಾಗಿಲಲ್ಲೇ ನಿಂತಿದ್ದ. ಅವನ ಕೈಯಲ್ಲಿ ಇನ್ನೂ ಯಾರದೋ ಬಿಲ್ಲೆ ಇತ್ತು.

"ಯಾವ ಎಣ್ಣಿ?" ಎಂದ.

"ಕುಸುಬಿ."

"ಎಲ್ಲಿ ಹಚ್ಚಿದಿ?"

"ಹಿಂದಿನ ಕುಳಿಯಾಗ. ಸುತ್ತ. ಲಾಳಿಗೆ ಹಚ್ಚಿದಂಗ."

ಅವನು ಕಣ್ಣು ಮುಚ್ಚಿಕೊಂಡ. ಕುಳಿ, ಎಣ್ಣೆ, ದಸರಾದಿಂದ ದೀಪಾವಳಿಯವರೆಗಿನ ದಿನಗಳು, ಒಂದೊಂದನ್ನೇ ಜೋಡಿಸಿ ನೋಡುತ್ತಿದ್ದಾನೆಂದು ನನಗೆ ತಿಳಿಯಿತು. ಮಗ್ಗದ ಕೋಣೆಯಲ್ಲಿ ಸ್ಪ್ರಿಂಗ್ ಹಿಡಿದು ನೋಡಿದ್ದನಲ್ಲ, ಹಾಗೆ. ಆಮೇಲೆ ಕಣ್ಣು ತೆರೆದ.

"ಹಂಗಾದ್ರ ನಾ ಸಾಫ್ ಮಾಡಿದ್ದೆ" ಎಂದ.

"ಮಾಡಿದ್ದಿ."

"ನಾ ಮರತಿದ್ದಿಲ್ಲ."

"ಇಲ್ಲ ತಮ್ಮಾ."

ಅವನು ಬಿಲ್ಲೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದ. ಸಿಟ್ಟೋ, ಇನ್ನೇನೋ ನನಗೆ ಗೊತ್ತಿಲ್ಲ. "ಅವತ್ತು ನಾ ಕೇಳಿದ್ದೆ ನಿನ್ನ. ಎದುರಿಗೆ ಕುಂತು ಕೇಳಿದ್ದೆ" ಎಂದ. ಅಷ್ಟು ಜನರ ಮುಂದೆ ಅವನು ದನಿ ಏರಿಸಲಿಲ್ಲ.

ಅವನ ಜೇಬಿನಿಂದ ಅರ್ಜಿಯ ಕಾಗದದ ತುದಿ ಕಾಣುತ್ತಿತ್ತು. ಹಿರಿಯಳಾಗಿ ಕಿರಿಯವನಿಗೆ ಕೈಮುಗಿಯುವುದು ನಮ್ಮಲ್ಲಿ ಇಲ್ಲ. ನಾನು ಮುಗಿದೆ.

"ಕೇಳಿದ್ದಿ, ನಾ ಹೇಳಲಿಲ್ಲ. ನಿನ್ನ ಸಿಟ್ಟಿಗೆ ಹೆದರಿ ಅಪ್ಪನ ಮರವು ತಂದು ನಿನ್ನ ತಲಿಗೆ ಹಚ್ಚಿದೆ. ನಿನ್ನ ತಲಿ ನೆಟ್ಟಗ ಐತಪಾ, ನನ್ನ ನಾಲಿಗೀನೇ ನೆಟ್ಟಗ ಇಲ್ಲ. ನಂದು ತಪ್ಪಾತು ತಮ್ಮಾ. ನಿನ್ನ ಮುಂದೂ ತಪ್ಪಾತು, ಇವರೆಲ್ಲರ ಮುಂದೂ ತಪ್ಪಾತು."